ಅಮೆರಿಕದ ಮಾರಾಟ ತೆರಿಗೆ ರಜೆ: ಹಣದ ಲೆಕ್ಕ, ವೇಳೆಯ ಲೆಕ್ಕ

‘ತೆರಿಗೆ ರಜೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಭಾರತೀಯರ ನೆನಪಿಗೆ ಬರುವುದು ಕೈಗಾರಿಕೆ. ಹಿಂದುಳಿದ ಪ್ರದೇಶದಲ್ಲಿ ಕಾರ್ಖಾನೆ ಸ್ಥಾಪಿಸಿದ ಉದ್ಯಮಿಗೆ ಇಂತಿಷ್ಟು ವರ್ಷ ಆದಾಯ ತೆರಿಗೆಯ ಭಾರವಿರುವುದಿಲ್ಲ ಎಂಬುದು ಆ ಮಾತಿಗೆ ಇಲ್ಲಿರುವ ರೂಢಿಯ ಅರ್ಥ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಅಲ್ಲಿನ ಕೆಲವು ಸಂಸ್ಥಾನಗಳು ವರ್ಷದಲ್ಲಿ ಎರಡು ಮೂರು ದಿನ, ಕೆಲವೆಡೆ ಒಂದು ವಾರ, ಗೊತ್ತುಮಾಡಿದ ಸಾಮಾನುಗಳ ಮೇಲೆ ಮಾರಾಟ ತೆರಿಗೆಯನ್ನು ವಸೂಲು ಮಾಡುವುದಿಲ್ಲ. ಇಲ್ಲಿ ರಜೆ ಸಿಗುವುದು ಕಾರ್ಖಾನೆಯ ಒಡೆಯನಿಗಲ್ಲ, ಅಂಗಡಿಗೆ ಹೋಗುವ ಸಾಮಾನ್ಯ ಗೃಹಸ್ಥನಿಗೆ.

ಈ ವಿಷಯ ಹೊರನಾಡ ಕನ್ನಡಿಗರಿಗೆ ಅಷ್ಟೇನೂ ದೂರದ್ದಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಅನೇಕ ಕನ್ನಡ ಮನೆಗಳ ಮಕ್ಕಳು ಉಚ್ಚ ಶಿಕ್ಷಣಕ್ಕಾಗಿ ಅಮೆರಿಕಕ್ಕೆ ಹೋಗುವುದು ಸಾಮಾನ್ಯವಾಗಿ ಆಗಸ್ಟ್ ತಿಂಗಳಲ್ಲಿ. ಬಟ್ಟೆ, ಪಾದರಕ್ಷೆ, ಗಣಕಯಂತ್ರ, ಬರೆಯುವ ಸಾಮಗ್ರಿ ಇವುಗಳನ್ನೆಲ್ಲ ಒಟ್ಟಿಗೆ ಕೊಳ್ಳಬೇಕಾದ ಕಾಲ ಅದೇ. ಬಹುಪಾಲು ತೆರಿಗೆ ರಜೆಗಳು ಬರುವ ಕಾಲವೂ ಅದೇ. ರೂಪಾಯಿಯನ್ನು ಡಾಲರಿಗೆ ಬದಲಿಸಿಕೊಂಡು ಹೊರಟ ವಿದ್ಯಾರ್ಥಿಗೆ ಐವತ್ತು ಡಾಲರಿನ ಉಳಿತಾಯವೂ ಅಲ್ಪವಲ್ಲ. ಆದರೆ ರಜೆಯ ಹೆಸರಿಗೆ ಮರುಳಾಗಿ ಬೇಡದ್ದನ್ನು ಕೊಂಡರೆ ನೂರು ಡಾಲರು ಸದ್ದಿಲ್ಲದೆ ಖರ್ಚಾಗಿಬಿಡುತ್ತದೆ. ಆದುದರಿಂದ ಈ ಪದ್ಧತಿಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ಅರಿಯುವುದು ಉಚಿತ.

ಅಮೆರಿಕದಲ್ಲಿ ಕೇಂದ್ರ ಸರ್ಕಾರ ವಿಧಿಸುವ ಸಾಮಾನ್ಯ ಮಾರಾಟ ತೆರಿಗೆ ಎಂಬುದಿಲ್ಲ. ಆ ಅಧಿಕಾರವನ್ನು ಚಲಾಯಿಸುವುದು ಸಂಸ್ಥಾನಗಳು; ಅನೇಕ ಕಡೆ ಅವುಗಳೊಡನೆ ಜಿಲ್ಲೆ ಮತ್ತು ನಗರಗಳು. ಐವತ್ತು ಸಂಸ್ಥಾನಗಳ ಪೈಕಿ ನಲವತ್ತೈದರಲ್ಲಿ ಈ ತೆರಿಗೆ ಉಂಟು. ಅಲಾಸ್ಕ, ಡೆಲವೇರ್, ಮೊಂಟಾನ, ನ್ಯೂ ಹ್ಯಾಂಪ್‌ಷೈರ್, ಆರಿಗನ್ ಇವೈದರಲ್ಲಿ ಸಂಸ್ಥಾನದ ತೆರಿಗೆ ಇಲ್ಲ. ಟೆಕ್ಸಾಸಿನಲ್ಲಿ ಸಂಸ್ಥಾನದ ದರ ಶೇಕಡ 6.25, ಸ್ಥಳೀಯ ಸಂಸ್ಥೆಗಳು ಅದರ ಮೇಲೆ ಶೇಕಡ 2ರವರೆಗೆ ಸೇರಿಸಬಹುದಾದ್ದರಿಂದ ಒಟ್ಟು 8.25ರವರೆಗೆ ಏರುತ್ತದೆ. ಬೇರೆ ಕೆಲವು ನಗರಗಳಲ್ಲಿ ಒಟ್ಟು ದರ ಶೇಕಡ 10ನ್ನೂ ದಾಟುವುದುಂಟು.

ಭಾರತದ ಪದ್ಧತಿಗೂ ಅಲ್ಲಿನ ಪದ್ಧತಿಗೂ ಇರುವ ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಭಾರತದಲ್ಲಿ ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಅಡಗಿರುತ್ತವೆ. ಅಮೆರಿಕದಲ್ಲಿ ಚೀಟಿಯ ಮೇಲಿನ ಬೆಲೆಯೇ ಬೇರೆ, ಗಲ್ಲದ ಬಳಿ ತೆರಬೇಕಾದ ಹಣವೇ ಬೇರೆ. ಐವತ್ತು ಡಾಲರೆಂದು ಬರೆದ ಅಂಗಿಗೆ ಬಿಲ್ಲಿನಲ್ಲಿ ಐವತ್ತನಾಲ್ಕು ಡಾಲರು ಹದಿಮೂರು ಸೆಂಟ್ ಆಗುವುದನ್ನು ಕಂಡು ಹೊಸದಾಗಿ ಹೋದವರು ಬೆರಗಾಗುತ್ತಾರೆ. ತೆರಿಗೆ ಹೀಗೆ ಪ್ರತ್ಯೇಕವಾಗಿ ಕಣ್ಣಿಗೆ ಬೀಳುವುದರಿಂದಲೇ ಅದು ಇಲ್ಲವಾದ ದಿನವೂ ಎದ್ದು ಕಾಣುತ್ತದೆ. ರಜೆಯ ಜನಪ್ರಿಯತೆಗೆ ಇದೊಂದು ಮುಖ್ಯ ಕಾರಣ.

ಇಂಥ ರಜೆಯ ಮೊದಲ ಪ್ರಯೋಗ 1980ರಲ್ಲಿ ಒಹಾಯೊ ಮತ್ತು ಮಿಷಿಗನ್‌ಗಳಲ್ಲಿ ನಡೆಯಿತು; ಆಗ ವಿನಾಯಿತಿ ಸಿಕ್ಕಿದ್ದು ಮೋಟಾರು ವಾಹನಗಳಿಗೆ. ಇಂದಿನ ರೂಪದ ರಜೆ ಹುಟ್ಟಿದ್ದು 1997ರ ಜನವರಿಯಲ್ಲಿ, ನ್ಯೂಯಾರ್ಕಿನಲ್ಲಿ. ಪಕ್ಕದ ನ್ಯೂ ಜೆರ್ಸಿಯಲ್ಲಿ ಬಟ್ಟೆಗೆ ತೆರಿಗೆ ಇರಲಿಲ್ಲ. ನ್ಯೂಯಾರ್ಕಿನ ಗಿರಾಕಿಗಳು ನದಿ ದಾಟಿ ಅಲ್ಲಿಗೆ ಹೋಗುತ್ತಿದ್ದರು. ಹೊರಗೆ ಹರಿಯುತ್ತಿದ್ದ ಈ ವ್ಯಾಪಾರವನ್ನು ಹಿಡಿದಿಡುವ ಸಲುವಾಗಿ ಒಂದು ವಾರ ಬಟ್ಟೆಯ ತೆರಿಗೆಯನ್ನು ಬಿಟ್ಟುಕೊಡಲಾಯಿತು. 1998ರಲ್ಲಿ ಫ್ಲಾರಿಡ, 1999ರಲ್ಲಿ ಟೆಕ್ಸಾಸ್ ಇದೇ ದಾರಿ ಹಿಡಿದವು. ನ್ಯೂಯಾರ್ಕ್ ಮಾತ್ರ 2000ರ ಮಾರ್ಚ್‌ನಿಂದ 110 ಡಾಲರಿಗಿಂತ ಕಡಿಮೆ ಬೆಲೆಯ ಬಟ್ಟೆಗೆ ಸಂಸ್ಥಾನದ ತೆರಿಗೆಯನ್ನೇ ತೆಗೆದುಹಾಕಿತು. ನಡುವೆ ಕೆಲಕಾಲ ಮೊಟಕುಗೊಂಡರೂ ಆ ವಿನಾಯಿತಿ ಮತ್ತೆ ಜಾರಿಗೆ ಬಂದಿದೆ. ರಜೆಯನ್ನು ಮೊದಲು ತಂದ ಸಂಸ್ಥಾನವೇ ಅದನ್ನು ಬಿಟ್ಟು ಶಾಶ್ವತ ವಿನಾಯಿತಿಯ ಕಡೆ ತಿರುಗಿದ್ದು ಗಮನಾರ್ಹ.

ರಜೆಯ ನಿಯಮಗಳು ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ. ಟೆಕ್ಸಾಸಿನಲ್ಲಿ ಆಗಸ್ಟ್ ತಿಂಗಳ ಒಂದು ಶುಕ್ರವಾರದಿಂದ ಭಾನುವಾರದವರೆಗೆ 100 ಡಾಲರಿಗಿಂತ ಕಡಿಮೆ ಬೆಲೆಯ ಬಟ್ಟೆ, ಪಾದರಕ್ಷೆ, ಶಾಲೆಯ ಸಾಮಗ್ರಿ ಮತ್ತು ಬೆನ್ನುಚೀಲಗಳಿಗೆ ತೆರಿಗೆ ಇಲ್ಲ. ಗಣಕಯಂತ್ರಕ್ಕೆ ಈ ಸೌಲಭ್ಯ ಸಿಗದು. ಟೆನ್ನೆಸಿಯಲ್ಲಿ ಜುಲೈ ತಿಂಗಳ ಕೊನೆಯ ಶುಕ್ರವಾರ ಆರಂಭವಾಗುವ ರಜೆಯಲ್ಲಿ 1500 ಡಾಲರಿನವರೆಗಿನ ಗಣಕಯಂತ್ರವೂ ಸೇರುತ್ತದೆ. ಮ್ಯಾಸಚೂಸೆಟ್ಸಿನಲ್ಲಿ ಆಗಸ್ಟ್ ತಿಂಗಳ ಎರಡು ದಿನ, ಹೊಗೆಸೊಪ್ಪು, ಮದ್ಯ, ಮೋಟಾರು ವಾಹನ, ಹೋಟೆಲಿನ ಊಟ ಮುಂತಾದವನ್ನು ಬಿಟ್ಟು, 2500 ಡಾಲರಿನವರೆಗಿನ ಬಹುತೇಕ ಎಲ್ಲ ಸಾಮಾನಿಗೂ ತೆರಿಗೆ ಮಾಫಿ. ಅಲಬಾಮದಲ್ಲಿ ಸಂಸ್ಥಾನ ತನ್ನ ಪಾಲಿನ ಶೇಕಡ 4ನ್ನು ಬಿಡುತ್ತದೆ. ನಗರ ಮತ್ತು ಜಿಲ್ಲೆಗಳು ತಮ್ಮ ಪಾಲನ್ನು ಬಿಡುವುದೂ ಬಿಡದಿರುವುದೂ ಅವುಗಳ ಇಚ್ಛೆ. ಒಂದು ಊರಿನ ಅನುಭವವನ್ನು ನಂಬಿ ಇನ್ನೊಂದು ಊರಿನಲ್ಲಿ ಸರಕು ಕೊಳ್ಳುವುದು ಆದ್ದರಿಂದ ಸರಿಯಲ್ಲ.

ಈ ವೈವಿಧ್ಯದ ನಡುವೆಯೂ ಕೆಲವು ತತ್ತ್ವಗಳು ಬಹುಮಟ್ಟಿಗೆ ಸಮಾನವಾಗಿವೆ. ಮೊದಲನೆಯದಾಗಿ, ಬೆಲೆಯ ಮಿತಿ ಅನ್ವಯವಾಗುವುದು ಒಂದೊಂದು ಸಾಮಾನಿಗೆ, ಇಡೀ ಬಿಲ್ಲಿಗಲ್ಲ. ಅರವತ್ತು ಡಾಲರಿನ ಐದು ಅಂಗಿಗಳನ್ನು ಕೊಂಡು ಬಿಲ್ಲು ಮುನ್ನೂರಾದರೂ ಟೆಕ್ಸಾಸಿನ ರಜೆಯಲ್ಲಿ ತೆರಿಗೆ ಇಲ್ಲ. ಎರಡನೆಯದಾಗಿ, ಮಿತಿಯನ್ನು ಮೀರಿದರೆ ಮೀರಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ ತೆರಿಗೆ ಬೀಳುವುದು ಸಾಮಾನ್ಯ. ಮ್ಯಾಸಚೂಸೆಟ್ಸಿನಲ್ಲಿ 2400 ಡಾಲರಿನ ಗಣಕಯಂತ್ರ ಕೊಂಡವನಿಗೆ, ಅಲ್ಲಿನ ಶೇಕಡ 6.25ರ ದರದಂತೆ, 150 ಡಾಲರು ಉಳಿಯುತ್ತದೆ; 2600 ಡಾಲರಿನದನ್ನು ಕೊಂಡವನು 162 ಡಾಲರು 50 ಸೆಂಟ್ ತೆರಿಗೆಯನ್ನು ತೆರಲೇಬೇಕು. ಇನ್ನೂರು ಡಾಲರಿನ ಅಂತರವೆಂದು ತೋರುವುದು ವಾಸ್ತವದಲ್ಲಿ 362 ಡಾಲರು 50 ಸೆಂಟಿನ ಅಂತರ.

ಮೂರನೆಯದಾಗಿ, ಅಂಗಡಿಯವನು ತಾನೇ ಕೊಡುವ ಸೋಡಿಯನ್ನು ಕಳೆದ ಮೇಲಿನ ಬೆಲೆಯೇ ಲೆಕ್ಕಕ್ಕೆ ಬರುತ್ತದೆ. 120 ಡಾಲರಿನ ಪಾದರಕ್ಷೆಯನ್ನು 95ಕ್ಕೆ ಮಾರಿದರೆ ಅದು ಮಿತಿಯೊಳಗೆ ಬಂದಂತೆ. ಕೊಂಡ ಬಳಿಕ ತಯಾರಕನು ಅಂಚೆಯ ಮೂಲಕ ಹಿಂದಿರುಗಿಸುವ ಹಣಕ್ಕೆ ಈ ಗುಣವಿಲ್ಲ. ಅಂಗಡಿಯಲ್ಲಿ ಕೊಟ್ಟ ಬೆಲೆಯೇ ಅಲ್ಲಿ ಬೆಲೆ. ಸಾಗಣೆಯ ವೆಚ್ಚವನ್ನೂ ಮರೆಯಬಾರದು. ಟೆಕ್ಸಾಸಿನಲ್ಲಿ 95 ಡಾಲರಿನ ಷರಾಯಿಗೆ 10 ಡಾಲರು ಸಾಗಣೆ ವೆಚ್ಚ ಸೇರಿದರೆ ಬೆಲೆ 105 ಆಗಿ, ಅಷ್ಟಕ್ಕೂ ತೆರಿಗೆ ಬೀಳುತ್ತದೆ. ಜೋಡಿಯಾಗಿ ಮಾರುವ ವಸ್ತುವನ್ನು ಬಿಡಿಸಿ, ಎಡಗಾಲಿನದಕ್ಕೊಂದು ಬಲಗಾಲಿನದಕ್ಕೊಂದು ಬಿಲ್ಲು ಮಾಡಿಸಿ ಮಿತಿಯೊಳಗೆ ತರುವ ಯುಕ್ತಿಗೂ ಕಾಯಿದೆ ಅವಕಾಶ ಕೊಡುವುದಿಲ್ಲ.

ಇನ್ನು ಹಣದ ಲೆಕ್ಕ. ಟೆಕ್ಸಾಸಿನ ಒಂದು ಕುಟುಂಬ 400 ಡಾಲರಿನ ಬಟ್ಟೆಬರೆ, ಶಾಲಾ ಸಾಮಗ್ರಿಗಳನ್ನು ರಜೆಯಲ್ಲಿ ಕೊಂಡಿತೆನ್ನೋಣ. ಶೇಕಡ 8.25ರಂತೆ ಉಳಿತಾಯ 33 ಡಾಲರು. ಆ ವಸ್ತುಗಳು ಹೇಗಿದ್ದರೂ ಬೇಕಾಗಿದ್ದರೆ ಇದು ನಿಜವಾದ ಲಾಭವೇ. ಆದರೆ ಐವತ್ತು ಡಾಲರಿನ ಅಂಗಿಯನ್ನು ರಜೆಯಲ್ಲಿ ಐವತ್ತಕ್ಕೆ ಕೊಳ್ಳುವುದಕ್ಕಿಂತ, ಋತು ಮುಗಿದ ಮೇಲೆ ಅಂಗಡಿಯವನು ಶೇಕಡ 20 ಸೋಡಿ ಬಿಟ್ಟಾಗ ತೆರಿಗೆ ಸಹಿತ 43 ಡಾಲರು 30 ಸೆಂಟಿಗೆ ಕೊಳ್ಳುವುದು ಅಗ್ಗ. ತೆರಿಗೆಯ ವಿನಾಯಿತಿ ಅಬ್ಬರದಿಂದ ಬರುತ್ತದೆ. ಸೋಡಿ ಎಷ್ಟೋ ಸಲ ಸದ್ದಿಲ್ಲದೆ ಬರುತ್ತದೆ. ರಜೆಯ ದಿನ ಗಿರಾಕಿಗಳು ತಾವಾಗಿಯೇ ನುಗ್ಗಿ ಬರುವುದರಿಂದ ವ್ಯಾಪಾರಿಗೆ ಬೆಲೆ ಇಳಿಸುವ ಒತ್ತಡ ಕಡಿಮೆ. ಆದುದರಿಂದ ರಜೆಗೆ ಎರಡು ಮೂರು ವಾರ ಮುಂಚೆಯೇ ಬೇಕಾದ ವಸ್ತುಗಳ ಪಟ್ಟಿ ಮಾಡಿ, ಅಂದಿನ ಬೆಲೆಗಳನ್ನು ಬರೆದಿಟ್ಟುಕೊಂಡವರಿಗೆ ಮಾತ್ರ ರಜೆಯ ಬೆಲೆ ನಿಜವಾಗಿಯೂ ಇಳಿದಿದೆಯೇ ಎಂಬುದು ತಿಳಿಯುತ್ತದೆ.

ವೇಳೆಯ ಲೆಕ್ಕ ಇನ್ನೂ ಸೂಕ್ಷ್ಮವಾದುದು. ರಜೆಯ ದಿನ ವಾಹನ ನಿಲ್ಲಿಸಲು ಸ್ಥಳವಿಲ್ಲ, ಗಲ್ಲದ ಮುಂದೆ ಉದ್ದನೆಯ ಸಾಲು, ಬೇಕಾದ ಅಳತೆಯ ಬಟ್ಟೆ ಮಧ್ಯಾಹ್ನದೊಳಗೆ ಖಾಲಿ. ಕಾರು ಓಡಿಸುವ ವೆಚ್ಚಕ್ಕೆ ಅಮೆರಿಕದ ಆದಾಯ ತೆರಿಗೆ ಇಲಾಖೆ 2025ನೆಯ ಇಸವಿಗೆ ಗೊತ್ತುಮಾಡಿದ ದರ ಮೈಲಿಗೆ 70 ಸೆಂಟ್. ಹೋಗಿಬರಲು ನಲವತ್ತು ಮೈಲಿ ಆಗುವ ಅಂಗಡಿಗಾಗಿಯೇ ಹೊರಟರೆ ವೆಚ್ಚ 28 ಡಾಲರು. 33 ಡಾಲರಿನ ಉಳಿತಾಯದಲ್ಲಿ ಕೈಯಲ್ಲಿ ಉಳಿಯುವುದು ಐದು ಡಾಲರು. ಅದಕ್ಕಾಗಿ ಅರ್ಧ ದಿನ. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆ ಇಂಥ ವ್ಯಾಪಾರಕ್ಕೆ ಒಪ್ಪುತ್ತದೆ.

ಈ ತೊಂದರೆಗೆ ಒಂದು ಪರಿಹಾರ ಈಚೆಗೆ ದೊರೆತಿದೆ. 2018ರ ಜೂನ್ 21ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸೌತ್ ಡಕೋಟ ಮತ್ತು ವೇಫೇರ್ ನಡುವಣ ಮೊಕದ್ದಮೆಯಲ್ಲಿ ತೀರ್ಪಿತ್ತು, ಸಂಸ್ಥಾನದೊಳಗೆ ಅಂಗಡಿ ಇಲ್ಲದ ವ್ಯಾಪಾರಿಯಿಂದಲೂ ತೆರಿಗೆ ವಸೂಲು ಮಾಡಿಸುವ ಹಕ್ಕು ಸಂಸ್ಥಾನಕ್ಕೆ ಇದೆಯೆಂದು ಹೇಳಿತು. ಅಂತರ್ಜಾಲದ ಮೂಲಕ ಕೊಳ್ಳುವವರಿಗೆ ಅದರಿಂದ ತೆರಿಗೆಯ ಹೊರೆ ಹೆಚ್ಚಿತು, ನಿಜ; ಆದರೆ ರಜೆಯ ವಿನಾಯಿತಿಯೂ ಅವರಿಗೆ ಸಲ್ಲುತ್ತದೆ. ಟೆಕ್ಸಾಸ್, ಮ್ಯಾಸಚೂಸೆಟ್ಸ್ ಮುಂತಾದೆಡೆ ರಜೆಯ ಅವಧಿಯೊಳಗೆ ಬೇಡಿಕೆ ಸಲ್ಲಿಸಿ ಹಣ ಪೂರ್ತಿ ಪಾವತಿ ಮಾಡಿದರೆ ಸಾಮಾನು ಆಮೇಲೆ ಕೈಸೇರಿದರೂ ತೆರಿಗೆ ಇಲ್ಲ. ಮನೆಯಲ್ಲೇ ಕುಳಿತು ಹತ್ತು ನಿಮಿಷದಲ್ಲಿ ಮುಗಿಸಬಹುದಾದುದಕ್ಕೆ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ರಸೀದಿಯನ್ನು ಮಾತ್ರ ಜೋಪಾನ ಮಾಡಬೇಕು. ತಪ್ಪಾಗಿ ತೆರಿಗೆ ಹಾಕಿದ್ದರೆ ಅದನ್ನು ಮಾರಿದವನಿಂದಲೇ ಹಿಂದಕ್ಕೆ ಕೇಳಬಹುದು. ಅದೇ ವಸ್ತುವನ್ನು ಬೇರೆ ಅಳತೆಗೆ ಬದಲಿಸಿಕೊಂಡರೆ ಸಾಮಾನ್ಯವಾಗಿ ತೆರಿಗೆ ಬೀಳದು. ರಜೆ ಮುಗಿದ ಮೇಲೆ ಬೇರೆ ವಸ್ತುವನ್ನೇ ಪಡೆದರೆ ಬೀಳುತ್ತದೆ. ವರ್ಷವಿಡೀ ತೆರಿಗೆಯಿಲ್ಲದ ವಸ್ತುವಿಗಾಗಿ ರಜೆಯನ್ನು ಕಾಯುವುದಂತೂ ವ್ಯರ್ಥ. ಮ್ಯಾಸಚೂಸೆಟ್ಸಿನಲ್ಲಿ 175 ಡಾಲರಿನವರೆಗಿನ ಉಡುಪಿಗೆ ಯಾವ ದಿನವೂ ತೆರಿಗೆ ಇಲ್ಲ. ಅಲ್ಲಿ ಅಂಗಿಯನ್ನು ಎಂದಾದರೂ ಕೊಳ್ಳಬಹುದು, ರಜೆಯನ್ನು ಗಣಕಯಂತ್ರಕ್ಕೆ ಮೀಸಲಿಡುವುದು ಜಾಣತನ.

ಅರ್ಥಶಾಸ್ತ್ರಜ್ಞರಲ್ಲಿ ಅನೇಕರಿಗೆ ಈ ರಜೆಗಳ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ. ಜನ ಹೊಸದಾಗಿ ಹೆಚ್ಚು ಕೊಳ್ಳುವುದಕ್ಕಿಂತ, ಹಿಂದೆ ಮುಂದೆ ಕೊಳ್ಳಬೇಕಾದುದನ್ನೇ ಆ ಮೂರು ದಿನಗಳಿಗೆ ಸರಿಸುತ್ತಾರೆ ಎಂಬುದು ಒಂದು ಆಕ್ಷೇಪ. ಕೈಯಲ್ಲಿ ಹಣವಿದ್ದವನು ತನ್ನ ಖರೀದಿಯ ವೇಳೆಯನ್ನು ಬದಲಿಸಬಲ್ಲ. ವಾರದ ಕೂಲಿಯಲ್ಲಿ ಬದುಕುವವನಿಗೆ ಆ ವಾರ ಹಣವಿಲ್ಲದಿದ್ದರೆ ರಜೆ ಇದ್ದೂ ಇಲ್ಲದಂತೆ ಎಂಬುದು ಇನ್ನೊಂದು. ಬಡವರ ಹೆಸರಿನಲ್ಲಿ ಬರುವ ಸೌಲಭ್ಯ ಬಡವರ ಕೈಗೇ ಎಟಕದಿದ್ದರೆ ಅದರ ಉದ್ದೇಶ ಪ್ರಶ್ನಾರ್ಹವಾಗುತ್ತದೆ. ನಾರ್ತ್ ಕೆರೊಲೈನ 2013ರ ರಜೆಯ ನಂತರ ಈ ಪದ್ಧತಿಯನ್ನು ಕೈಬಿಟ್ಟಿತು. ಆದರೆ ಅನೇಕ ಸಂಸ್ಥಾನಗಳಲ್ಲಿ ಅದು ಮತದಾರರ ಮೆಚ್ಚುಗೆಯಿಂದ ಬೇರೂರಿದೆ. ಫ್ಲಾರಿಡ 2025ರಲ್ಲಿ ಶಾಲಾ ಸಾಮಗ್ರಿಯ ರಜೆಯನ್ನು ಪ್ರತಿವರ್ಷದ ಇಡೀ ಆಗಸ್ಟ್ ತಿಂಗಳಿಗೆ ವಿಸ್ತರಿಸಿತು.

ಭಾರತದಲ್ಲಿ ಸಾಮಾನ್ಯ ಮಾರಾಟ ತೆರಿಗೆಯ ಮೊದಲ ಕಾಯಿದೆ 1939ರಲ್ಲಿ ರಾಜಾಜಿಯವರ ಮಂತ್ರಿಮಂಡಲದ ಕಾಲದಲ್ಲಿ ಮದರಾಸಿನಲ್ಲಿ ಬಂತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಅಂಥ ಹಲವು ತೆರಿಗೆಗಳ ಸ್ಥಾನವನ್ನು ಆಕ್ರಮಿಸಿತು. ಕೇಂದ್ರ ಮತ್ತು ರಾಜ್ಯಗಳೆರಡೂ ಸೇರಿದ ಪರಿಷತ್ತಿನ ಶಿಫಾರಸಿನಂತೆ ದರಗಳು ನಿರ್ಧಾರವಾಗುವುದರಿಂದ, ಒಂದು ರಾಜ್ಯ ತಾನೊಂದೇ ಮೂರು ದಿನಗಳ ರಜೆ ಸಾರುವ ರೂಢಿ ಇಲ್ಲಿಲ್ಲ. ಆದರೂ ಅದೇ ಮನೋವೃತ್ತಿ ಇಲ್ಲಿಯೂ ಕಂಡುಬಂದಿತು. 2025ರ ಸೆಪ್ಟೆಂಬರ್ 22ರಿಂದ, ನವರಾತ್ರಿಯ ಮೊದಲ ದಿನದಿಂದ, ದರಗಳು ಇಳಿಯುವುವೆಂದು ತಿಳಿದಾಗ ಕಾರು, ದೂರದರ್ಶನ ಪೆಟ್ಟಿಗೆಗಳನ್ನು ಕೊಳ್ಳಬೇಕೆಂದಿದ್ದ ಅನೇಕರು ಆ ದಿನದವರೆಗೆ ಕಾದರು.

ಅಂದು ಜಾರಿಗೆ ಬಂದ ದರಗಳಲ್ಲಿ ಅಮೆರಿಕದ ನೂರು ಡಾಲರಿನ ಮಿತಿಯಂಥದೇ ಒಂದು ಗೆರೆ ಉಂಟು. 2500 ರೂಪಾಯಿಯವರೆಗಿನ ಉಡುಪಿಗೆ ತೆರಿಗೆ ಶೇಕಡ 5. ಅದನ್ನು ಮೀರಿದರೆ ಪೂರ್ತಿ ಬೆಲೆಗೆ ಶೇಕಡ 18. ತೆರಿಗೆ ಸೇರುವ ಮುನ್ನ 2500 ರೂಪಾಯಿಯ ಸಿದ್ಧ ಉಡುಪಿಗೆ ಒಟ್ಟು 2625 ರೂಪಾಯಿ ಆದರೆ, 2501 ರೂಪಾಯಿಯದಕ್ಕೆ 2951 ರೂಪಾಯಿ ಆಗುತ್ತದೆ. ಬೆಲೆಯಲ್ಲಿ ಒಂದು ರೂಪಾಯಿಯ ವ್ಯತ್ಯಾಸ, ತೆರುವುದರಲ್ಲಿ ಮುನ್ನೂರಿಪ್ಪತ್ತಾರರ ವ್ಯತ್ಯಾಸ. ಇಲ್ಲಿ ತೆರಿಗೆ ಬೆಲೆಯೊಳಗೇ ಅಡಗಿರುವುದರಿಂದ ಬಹುಮಂದಿಗೆ ಇದು ಕಾಣಿಸುವುದಿಲ್ಲ. ಹಬ್ಬಕ್ಕೆ ಬಟ್ಟೆ ಕೊಳ್ಳುವವರು ಬಿಲ್ಲಿನಲ್ಲಿ ತೆರಿಗೆಯ ದರವನ್ನೊಮ್ಮೆ ನೋಡಿದರೆ ಇದು ಮನವರಿಕೆಯಾದೀತು.

ಅದೇ ದಿನದಿಂದ ಶಾಲಾಮಕ್ಕಳ ಬರೆಯುವ ಪುಸ್ತಕ, ಪೆನ್ಸಿಲು, ರಬ್ಬರುಗಳ ಮೇಲಿನ ತೆರಿಗೆಯೂ ಪೂರ್ತಿ ರದ್ದಾಯಿತು. ಟೆಕ್ಸಾಸಿನ ಮಗುವಿನ ತಾಯಿ ಈ ಸೌಲಭ್ಯಕ್ಕಾಗಿ ಆಗಸ್ಟಿನ ಮೂರು ದಿನಗಳನ್ನು ಕಾಯಬೇಕು. ದಾದರಿನ ಅಥವಾ ಧಾರವಾಡದ ಮಗುವಿನ ತಾಯಿ ಅದನ್ನು ಯಾವ ದಿನವಾದರೂ ಪಡೆಯಬಲ್ಲಳು. ಪಂಚಾಂಗವನ್ನು ನೋಡಿ ಕೊಡುವ ವಿನಾಯಿತಿಗಿಂತ ವಸ್ತುವಿನ ಅಗತ್ಯವನ್ನು ನೋಡಿ ಕೊಡುವ ವಿನಾಯಿತಿ ಹೆಚ್ಚು ನ್ಯಾಯವಾದುದೆಂದು ಹೇಳುವ ಪಂಡಿತರ ವಾದಕ್ಕೆ ಇದು ಸರಳವಾದ ಉದಾಹರಣೆ. ಅದಾಗುವವರೆಗೆ ಅಮೆರಿಕದಲ್ಲಿರುವ ಕನ್ನಡ ವಿದ್ಯಾರ್ಥಿಗಳೂ ಗೃಹಸ್ಥರೂ ತಮ್ಮ ಸಂಸ್ಥಾನದ ಕಂದಾಯ ಇಲಾಖೆ ಪ್ರತಿವರ್ಷ ಪ್ರಕಟಿಸುವ ದಿನಾಂಕ, ಮಿತಿ ಮತ್ತು ವಸ್ತುಗಳ ಪಟ್ಟಿಯನ್ನು ಮೊದಲೇ ಓದಿಕೊಂಡು, ಬೇಕಾದುದನ್ನಷ್ಟೇ ಕೊಂಡರೆ, ರಜೆಯ ಲಾಭ ಅವರಿಗೆ ಸಲ್ಲುತ್ತದೆ.