ಆಸ್ತಿ ತೆರಿಗೆ ನಿರ್ಧರಣೆ, ಮೌಲ್ಯ ಪರಿಷ್ಕರಣೆ ಹಾಗೂ ಆಕ್ಷೇಪಣೆ ಸಲ್ಲಿಸುವ ಕ್ರಮ

ಪೀಠಿಕೆ

ಸಂವಿಧಾನದ 265ನೇ ಅನುಚ್ಛೇದದಂತೆ ಕಾನೂನಿನ ಅಧಿಕಾರವಿಲ್ಲದೆ ಯಾವುದೇ ತೆರಿಗೆಯನ್ನು ವಿಧಿಸುವಂತಿಲ್ಲ. ರಾಜ್ಯದ ನಗರ ಪ್ರದೇಶಗಳಲ್ಲಿ ಆಸ್ತಿ ತೆರಿಗೆಗೆ ಈ ಅಧಿಕಾರವು ಕರ್ನಾಟಕ ಪುರಸಭೆಗಳ ಅಧಿನಿಯಮ, 1964 ಹಾಗೂ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರಿಂದ ದೊರೆತಿರುತ್ತದೆ. ಬೆಂಗಳೂರು ನಗರದಲ್ಲಿ 2008-09ನೇ ಸಾಲಿನಿಂದ ಘಟಕ ಪ್ರದೇಶ ಮೌಲ್ಯ ಪದ್ಧತಿಯನ್ನು ಜಾರಿಗೊಳಿಸಲಾಗಿದ್ದು, ಅಲ್ಲಿನ ಲೆಕ್ಕಾಚಾರವು ಭಿನ್ನವಾಗಿರುತ್ತದೆ. ಈ ಕೆಳಗಿನ ವಿವರಣೆಯು ಇತರ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಸ್ವತ್ತುಗಳಿಗೆ ಸಂಬಂಧಿಸಿದ್ದಾಗಿರುತ್ತದೆ.

ತೆರಿಗೆ ಹೆಚ್ಚಾಗಲು ಕಾರಣಗಳು

ಬಂಡವಾಳ ಮೌಲ್ಯ ಪದ್ಧತಿಯಲ್ಲಿ ನಿವೇಶನದ ಮೌಲ್ಯವನ್ನೂ ಕಟ್ಟಡದ ಮೌಲ್ಯವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿ, ಕಟ್ಟಡದ ವಯಸ್ಸಿಗನುಗುಣವಾಗಿ ಸವಕಳಿಯನ್ನು ಕಳೆದು, ಬಂದ ಮೊತ್ತಕ್ಕೆ ಸ್ಥಳೀಯ ಸಂಸ್ಥೆಯು ನಿಗದಿಪಡಿಸಿದ ದರದಂತೆ ತೆರಿಗೆ ನಿರ್ಧರಿಸಲಾಗುತ್ತದೆ. ಇದಕ್ಕೆ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಮಾರ್ಗಸೂಚಿ ಬೆಲೆಯೇ ಆಧಾರ. ಮಾರ್ಗಸೂಚಿ ಬೆಲೆಯು 01-10-2023ರಿಂದ ರಾಜ್ಯಾದ್ಯಂತ ಪರಿಷ್ಕರಣೆಗೊಂಡಿರುತ್ತದೆ. ಆದ್ದರಿಂದ ತೆರಿಗೆಯಲ್ಲಿನ ಹೆಚ್ಚಳವು ಎರಡು ಬಗೆಯದ್ದಾಗಿರಬಹುದು: ಮೊದಲನೆಯದು, ಎಲ್ಲ ಸ್ವತ್ತುಗಳಿಗೂ ಅನ್ವಯವಾಗುವ ಬೆಲೆ ಅಥವಾ ದರದ ಪರಿಷ್ಕರಣೆ, ಎರಡನೆಯದು, ಆಯಾ ಸ್ವತ್ತಿನ ವಿವರಗಳಲ್ಲಿನ ಬದಲಾವಣೆ ಅಥವಾ ತಪ್ಪು ನಮೂದು.

ಈ ವ್ಯತ್ಯಾಸವನ್ನು ಮೊದಲೇ ಗುರುತಿಸುವುದು ಅತ್ಯಗತ್ಯ. "ತೆರಿಗೆ ಹೆಚ್ಚಾಗಿದೆ" ಎಂಬ ಒಂದೇ ಕಾರಣದ ಮನವಿಯಿಂದ ಪ್ರಯೋಜನವಾಗುವುದು ವಿರಳ. ಸ್ವತ್ತಿನ ವಿವರದಲ್ಲಿ ತಪ್ಪಿದೆ ಎಂಬುದನ್ನು ದಾಖಲೆ ಸಹಿತ ತೋರಿಸಿದಲ್ಲಿ ಮಾತ್ರ ತಿದ್ದುಪಡಿಗೆ ಅವಕಾಶವಿರುತ್ತದೆ.

ಪರಿಶೀಲಿಸಬೇಕಾದ ಅಂಶಗಳು

1. ನಿವೇಶನದ ಅಳತೆ ಮತ್ತು ಪ್ರತಿ ಅಂತಸ್ತಿನ ಕಟ್ಟಡದ ವಿಸ್ತೀರ್ಣ.
2. ಉಪಯೋಗದ ವರ್ಗ: ವಾಸ, ವಾಣಿಜ್ಯ ಅಥವಾ ಮಿಶ್ರ.
3. ಕಟ್ಟಡ ಪೂರ್ಣಗೊಂಡ ವರ್ಷ ಮತ್ತು ಸವಕಳಿ.
4. ಛಾವಣಿ ಹಾಗೂ ನಿರ್ಮಾಣದ ಬಗೆ.
5. ಸ್ವತ್ತು ಇರುವ ರಸ್ತೆ ಅಥವಾ ಬಡಾವಣೆಗೆ ಅನ್ವಯಿಸಿದ ಮಾರ್ಗಸೂಚಿ ಬೆಲೆ.
6. ಈಗಾಗಲೇ ಪಾವತಿಸಿದ ಮೊತ್ತವು ಬಾಕಿಯೆಂದು ಮುಂದುವರಿದಿದೆಯೇ ಎಂಬುದು.

ಉದಾಹರಣೆಗೆ, ನೆಲ ಅಂತಸ್ತು 900 ಚದರ ಅಡಿ, ಮೊದಲ ಅಂತಸ್ತು 600 ಚದರ ಅಡಿ ಇರುವ ಮನೆಯ ಒಟ್ಟು ವಿಸ್ತೀರ್ಣ 1,500 ಚದರ ಅಡಿ. ಮೊದಲ ಅಂತಸ್ತಿನ ತೆರೆದ ತಾರಸಿಯನ್ನೂ ಸೇರಿಸಿ 900 ಎಂದು ನಮೂದಿಸಿದಲ್ಲಿ ಒಟ್ಟು 1,800 ಆಗುತ್ತದೆ. ದರದಲ್ಲಿ ಬದಲಾವಣೆ ಇಲ್ಲದಿದ್ದರೂ ಕಟ್ಟಡದ ವಿಸ್ತೀರ್ಣ ಶೇ. 20ರಷ್ಟು ಹೆಚ್ಚಾಗುತ್ತದೆ. ನಿವೇಶನದ ಮೌಲ್ಯ ಮಾತ್ರ ಹಾಗೆಯೇ ಉಳಿಯುತ್ತದೆ. ಇಂತಹ ತಪ್ಪು ಸರಿಪಡಿಸದಿದ್ದಲ್ಲಿ ಪ್ರತಿ ವರ್ಷವೂ ಮುಂದುವರಿಯುತ್ತದೆ.

ಆಕ್ಷೇಪಣೆ ಸಲ್ಲಿಸುವ ವಿಧಾನ

ನೋಟೀಸು ತಲುಪಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳುವುದು ಸೂಕ್ತ. ನೋಟೀಸಿನಲ್ಲಿ ತಿಳಿಸಿದ ಅವಧಿಯೊಳಗೆ ಲಿಖಿತ ಆಕ್ಷೇಪಣೆಯನ್ನು ಮಹಾನಗರ ಪಾಲಿಕೆಯಲ್ಲಿ ಆಯುಕ್ತರಿಗೆ, ನಗರಸಭೆಯಲ್ಲಿ ಪೌರಾಯುಕ್ತರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿಗಳಿಗೆ ಸಲ್ಲಿಸಬೇಕು. ಸ್ವತ್ತಿನ ಸಂಖ್ಯೆ, ತಪ್ಪಾಗಿರುವ ನಮೂದು, ಇರಬೇಕಾದ ನಮೂದು ಮತ್ತು ಅದಕ್ಕೆ ಆಧಾರವಾದ ದಾಖಲೆ, ಈ ನಾಲ್ಕು ಅಂಶಗಳು ಸ್ಪಷ್ಟವಾಗಿರಬೇಕು. ಅನುಮೋದಿತ ನಕ್ಷೆ, ಕ್ರಯಪತ್ರ, ಹಿಂದಿನ ಸಾಲುಗಳ ತೆರಿಗೆ ರಸೀದಿ ಹಾಗೂ ಛಾಯಾಚಿತ್ರಗಳ ಪ್ರತಿಗಳನ್ನು ಲಗತ್ತಿಸಿ, ದಿನಾಂಕ ಸಹಿತ ಸ್ವೀಕೃತಿಯನ್ನು ತಪ್ಪದೇ ಪಡೆಯತಕ್ಕದ್ದು. ಸ್ಥಳ ತನಿಖೆ ಕೋರಿದಲ್ಲಿ ಆ ವೇಳೆ ಮಾಲೀಕರು ಅಥವಾ ಅವರ ಪ್ರತಿನಿಧಿ ಹಾಜರಿದ್ದು ಅಳತೆಯನ್ನು ನೋಡುವುದು ಒಳ್ಳೆಯದು.

ಲೆಕ್ಕಾಚಾರದ ವಿವರ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಉತ್ತರ ನೀಡುವುದು ಕಡ್ಡಾಯ. ಆದರೆ ಆ ಉತ್ತರಕ್ಕೆ ಕಾಯುತ್ತಾ ಆಕ್ಷೇಪಣೆಯ ಅವಧಿ ಮೀರುವಂತಾಗಬಾರದು.

ಗಮನಿಸಬೇಕಾದ ವಿಷಯಗಳು

ಆಕ್ಷೇಪಣೆ ಸಲ್ಲಿಸಿದ ಮಾತ್ರಕ್ಕೆ ತೆರಿಗೆ ಪಾವತಿಯಿಂದ ವಿನಾಯಿತಿ ದೊರೆಯುವುದಿಲ್ಲ. ತಕರಾರಿಲ್ಲದ ಮೊತ್ತವನ್ನು ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದಲ್ಲಿ ವಿಳಂಬದ ಹೊರೆ ಕಡಿಮೆಯಾಗುತ್ತದೆ. ಮರುಪರಿಶೀಲನೆಯಲ್ಲಿ ನಮೂದಾಗದ ನಿರ್ಮಾಣ ಕಂಡುಬಂದರೆ ತೆರಿಗೆ ಹೆಚ್ಚಾಗುವ ಸಂಭವವೂ ಉಂಟು. ತೆರಿಗೆ ರಸೀದಿಯು ಸ್ವತ್ತಿನ ಮಾಲೀಕತ್ವವನ್ನು ಸ್ಥಾಪಿಸುವ ಹಕ್ಕುಪತ್ರವಲ್ಲ.

ಆಕ್ಷೇಪಣೆಯ ಮೇಲಿನ ಆದೇಶವನ್ನು ಲಿಖಿತವಾಗಿ ಪಡೆಯಬೇಕು. ಆದೇಶದಲ್ಲಿ ಕಾರಣಗಳಿಲ್ಲದಿದ್ದಲ್ಲಿ ಅಥವಾ ಅದು ಸಮ್ಮತವಾಗದಿದ್ದಲ್ಲಿ, ಅಧಿನಿಯಮದಲ್ಲಿ ನಿಗದಿಪಡಿಸಿದ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಲು ಅದೇ ಆದೇಶದ ಪ್ರತಿ ಅವಶ್ಯವಾಗಿರುತ್ತದೆ. ಆದ್ದರಿಂದ ಮೌಖಿಕ ಭರವಸೆಯನ್ನು ನಂಬಿ ಅವಧಿ ಕಳೆದುಕೊಳ್ಳದಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.