ಬರುತ್ತೆ ಬರುತ್ತೆ ಅಂತ ಕಾದ ಕಾರು

"ಅಮ್ಮಾ, ಬರ್ತಾ ಇದೆಯಂತೆ!"

2025ರ ಬೇಸಿಗೆಯ ಒಂದು ರಾತ್ರಿ. ಊಟದ ಮಧ್ಯೆ ಮಗ ಹೀಗೆ ಕೂಗಿದಾಗ ನನ್ನ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ಇಪ್ಪತ್ತೇಳು ತುಂಬಿದ ಹುಡುಗ. ಜಾತಕವನ್ನು ನಾಲ್ಕು ಕಡೆ ಕೊಟ್ಟಾಗಿತ್ತು. "ಯಾರೋ, ಹೆಣ್ಣಿನ ಕಡೆಯವರೇನೋ? ಯಾವತ್ತು ಬರ್ತಾರಂತೆ?" ಎಂದೆ.

"ಹೆಣ್ಣಲ್ಲಮ್ಮ, ಗಾಲ್ಫ್ ಜಿಟಿಐ! ಕಾರು!"

ಮಜ್ಜಿಗೆ ಕುಡಿಯುತ್ತಿದ್ದ ನಮ್ಮವರು ಕೆಮ್ಮಿ ಕೆಮ್ಮಿ ಸುಸ್ತಾದರು.

ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದಾನು. ಅಂಗಡಿಗೆ ಕಳಿಸಿದರೆ ದಾರಿಯಲ್ಲಿ ನಿಂತ ಕಾರನ್ನು ಸುತ್ತಿ ಸುತ್ತಿ ನೋಡಿ, ಕೊತ್ತಂಬರಿ ಸೊಪ್ಪು ಮರೆತು ಬರುವವನು. ಯಾವ ದೇಶದಲ್ಲಿ ಯಾವ ಕಾರು ಬಂತು, ನಮ್ಮಲ್ಲಿಗೆ ಯಾವಾಗ ಬರುತ್ತೆ ಎಂದು ಗೆಳೆಯರೊಡನೆ ರಾತ್ರಿಯೆಲ್ಲ ಚರ್ಚಿಸುವವನು. "ಇವನಿಗೇನು ಹುಚ್ಚು!" ಎಂದು ನೀವು ಗೊಣಗಿರಬಹುದು. ನಾನೂ ಗೊಣಗಿದವಳೇ. ಆದರೆ ಈ ಹುಚ್ಚಿನ ಒಳಗೇನಿದೆ ಎಂದು ತಿಳಿಯದೆ ಗೊಣಗಿದ್ದಕ್ಕೆ ನಮ್ಮ ಮನೆ ಒಮ್ಮೆ ದಂಡ ತೆತ್ತಿದೆ. ಅದಕ್ಕೇ ಈ ಲೇಖನ.

ಅಂಥಾದ್ದೇನಿದೆ ಆ ಕಾರಿನಲ್ಲಿ?

ಹ್ಯಾಚ್‌ಬ್ಯಾಕ್ ಎಂದರೆ ನಮಗೆ ಹೊಸದಲ್ಲ. ಹಿಂದೆ ಬೇರೆ ಡಿಕ್ಕಿ ಇಲ್ಲದೆ, ಬೆನ್ನಿನ ಬಾಗಿಲೇ ಮೇಲಕ್ಕೆ ಎದ್ದು ತೆರೆದುಕೊಳ್ಳುವ ಪುಟ್ಟ ಕಾರು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಿಂದ ಹಿಡಿದು ಇಂದಿನ ಸ್ವಿಫ್ಟ್‌ವರೆಗೆ ನಮ್ಮ ಬೀದಿಗಳಲ್ಲಿ ತುಂಬಿರುವುದು ಅವೇ. ಇಂಥದೇ ಸಂಸಾರದ ಕಾರಿಗೆ ದೊಡ್ಡ ಎಂಜಿನ್, ಗಟ್ಟಿ ಬ್ರೇಕು, ಅಗಲದ ಟೈರು ಹಾಕಿ ಕಂಪನಿಯವರೇ ಚುರುಕು ಮಾಡಿದರೆ ಅದು ಸ್ಪೋರ್ಟಿ ಹ್ಯಾಚ್‌ಬ್ಯಾಕ್. ವಾರವೆಲ್ಲ ತರಕಾರಿ, ಸ್ಕೂಲು, ಆಫೀಸು. ಭಾನುವಾರ ಬೆಳಿಗ್ಗೆ ಘಾಟಿಯ ತಿರುವುಗಳಲ್ಲಿ ಸವಾರಿ. ಒಂದೇ ಗಾಡಿ, ಎರಡು ಸ್ವಭಾವ.

ಈ ಜಾತಿಗೆ ಹೆಸರು ತಂದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಗಾಲ್ಫ್ ಜಿಟಿಐ. 1975ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಕಾಣಿಸಿಕೊಂಡು, 1976ರಲ್ಲಿ ಮಾರಾಟಕ್ಕೆ ಬಂತು. 110 ಅಶ್ವಶಕ್ತಿಯ ಎಂಜಿನ್, ಗಂಟೆಗೆ 182 ಕಿಲೋಮೀಟರ್ ವೇಗ. ಐದು ಸಾವಿರ ಮಾರಿದರೆ ಸಾಕೆಂದು ಕಂಪನಿಯವರು ಅಂದುಕೊಂಡಿದ್ದರಂತೆ. ಆ ಮೊದಲ ಮಾದರಿಯೊಂದೇ ನಾಲ್ಕೂವರೆ ಲಕ್ಷಕ್ಕೂ ಮೀರಿ ಮಾರಾಟವಾಯಿತು!

ನಮಗೆ ಹಿಡಿಸುವ ಸಂಗತಿ ಇನ್ನೊಂದಿದೆ. ಆ ಕಾರಿನ ಒಳಗಿನ ಅಂದಕ್ಕೆ ಕಾರಣ ಒಬ್ಬ ಹೆಂಗಸು. ಗುನ್‌ಹಿಲ್ಡ್ ಲಿಲಿಯೆಕ್ವಿಸ್ಟ್ ಎಂದು ಆಕೆಯ ಹೆಸರು. ಪಿಂಗಾಣಿ ಪಾತ್ರೆಗಳ ಮೇಲೆ ಚಿತ್ರ ಬರೆಯುತ್ತಿದ್ದಾಕೆ, ಮಿಠಾಯಿ ಪೆಟ್ಟಿಗೆಗಳಿಗೆ ವಿನ್ಯಾಸ ಮಾಡಿದಾಕೆ. 1964ರಲ್ಲಿ ಫೋಕ್ಸ್‌ವ್ಯಾಗನ್ನಿನ ಬಟ್ಟೆ ಮತ್ತು ಬಣ್ಣದ ವಿಭಾಗ ಸೇರಿದರು. ಜಿಟಿಐ ಸೀಟಿಗೆ ಕೆಂಪು, ಕಪ್ಪು ಗೆರೆಗಳ ಚೌಕಳಿ ಬಟ್ಟೆ ಹೊದಿಸಿದ್ದು, ಗೇರಿನ ಕೋಲಿನ ತುದಿಗೆ ಗಾಲ್ಫ್ ಚೆಂಡಿನಂಥ ಗುಂಡು ಕೂರಿಸಿದ್ದು ಆಕೆಯದೇ ಯೋಚನೆ. ಮಗ ಫೋಟೋ ತೋರಿಸಿದಾಗ ನನಗೆ ನಮ್ಮಜ್ಜಿಯ ಚೌಕಳಿ ಸೀರೆಯೇ ನೆನಪಾಯಿತು. ಅಲ್ಲಿಂದ ಮುಂದೆ ಅವನ ಕಾರಿನ ಮಾತಿಗೆ ನಾನು ಸ್ವಲ್ಪ ಕಿವಿ ಕೊಡತೊಡಗಿದೆ.

ಕಾದದ್ದು ಎಷ್ಟು, ಬಂದದ್ದು ಎಷ್ಟು

ನಮ್ಮ ದೇಶದ ಹುಡುಗರು ಎರಡು ಕಾರುಗಳಿಗಾಗಿ ಬಹಳ ಕಾದರು. ಮೊದಲನೆಯದು ಸ್ವಿಫ್ಟ್ ಸ್ಪೋರ್ಟ್. ಸಾಮಾನ್ಯ ಸ್ವಿಫ್ಟ್ 2005ರಲ್ಲಿ ನಮ್ಮಲ್ಲಿಗೆ ಬಂತು. ಅದರ ಚುರುಕಿನ ಅಣ್ಣ ಜಪಾನಿನಲ್ಲಿ, ಯೂರೋಪಿನಲ್ಲಿ ಓಡಾಡಿದ. 2017ರ ಮಾದರಿಗೆ 1.4 ಲೀಟರಿನ ಟರ್ಬೊ ಎಂಜಿನ್, 140 ಅಶ್ವಶಕ್ತಿ, ತೂಕ ಒಂದು ಟನ್ನಿಗೂ ಕಡಿಮೆ. "ಈ ವರ್ಷ ಬರುತ್ತೆ, ಮುಂದಿನ ವರ್ಷ ಬರುತ್ತೆ" ಎಂದು ಹುಡುಗರು ಕಾದೇ ಕಾದರು. ಅದರ ಬದಲು 2017ರಲ್ಲಿ ಬೆಲೆನೊ ಆರ್‌ಎಸ್ ಎಂಬುದು ಬಂತು. 2020ರ ಹೊತ್ತಿಗೆ ಅದೂ ನಿಂತಿತು. 2024ರ ಡಿಸೆಂಬರಿನಲ್ಲಿ ಜಪಾನಿನಲ್ಲೇ ಆ 2017ರ ಸ್ವಿಫ್ಟ್ ಸ್ಪೋರ್ಟಿಗೆ ಕೊನೆಯ ಆವೃತ್ತಿಯನ್ನು ಸಾರಿಬಿಟ್ಟರು. ಆ ದಿನ ನನ್ನ ಮಗ ತಿಂಡಿಯನ್ನೂ ಸರಿಯಾಗಿ ತಿನ್ನಲಿಲ್ಲ.

ಎರಡನೆಯದು ಈ ಜಿಟಿಐ. 2016ರ ನವೆಂಬರಿನಲ್ಲಿ ಗಾಲ್ಫಿನ ತಮ್ಮ ಪೋಲೊ ಜಿಟಿಐ ಬಂದಿತ್ತು. ಬರೀ 99 ಕಾರುಗಳು. ಬೆಲೆ 25 ಲಕ್ಷ 99 ಸಾವಿರ, ಅದೂ ಹಿಂದಿನ ಸೀಟಿಗೆ ಬೇರೆ ಬಾಗಿಲಿಲ್ಲ! ಅತ್ತೆ ಮಾವನವರನ್ನು ಮುಂದಿನ ಸೀಟು ಮಡಚಿ ಹಿಂದಕ್ಕೆ ಹತ್ತಿಸುವುದು ಹೇಗೆ, ನೀವೇ ಹೇಳಿ. ಆಮೇಲೆ ಬೆಲೆಯನ್ನು ಸುಮಾರು ಆರು ಲಕ್ಷ ಇಳಿಸಬೇಕಾಯಿತು. 2022ರಲ್ಲಿ ಸಾಮಾನ್ಯ ಪೋಲೊ ಕೂಡ ನಮ್ಮ ದೇಶದಲ್ಲಿ ನಿಂತಿತು.

ಕೊನೆಗೆ 2025ರ ಮೇ ತಿಂಗಳಿನಲ್ಲಿ ಗಾಲ್ಫ್ ಜಿಟಿಐ ಬಂದೇ ಬಂತು. 265 ಅಶ್ವಶಕ್ತಿ. ಷೋರೂಮಿನ ಬೆಲೆ 53 ಲಕ್ಷ. ಮೊದಲ ಕಂತಿನ 150 ಕಾರುಗಳು ಬಿಡುಗಡೆಯ ದಿನಕ್ಕೂ ಮುಂಚೆಯೇ ಮುಗಿದುಹೋದವು.

ಐವತ್ತಮೂರು ಲಕ್ಷ ಹೇಗಾಯಿತು?

"ಪುಟ್ಟ ಕಾರಿಗೆ ಅಷ್ಟು ದುಡ್ಡೇ?" ಎಂದು ನೀವು ಕೇಳುವುದು ನ್ಯಾಯ. ಇದು ಹಡಗಿನಲ್ಲಿ ಪೂರ್ತಿ ಸಿದ್ಧವಾಗಿ ಬರುವ ಕಾರು. 2025ರಲ್ಲಿ ಅಂಥ ಕಾರಿಗೆ ಆಮದು ಸುಂಕವೇ ಕಡಿಮೆಯೆಂದರೂ ಶೇಕಡಾ 70. ಅದರ ಮೇಲೆ ಜಿ.ಎಸ್.ಟಿ. ಬೇರೆ.

ಹಾಗಾದರೆ ಸ್ವಿಫ್ಟ್ ಸ್ಪೋರ್ಟನ್ನು ಇಲ್ಲೇ ಮಾಡಬಹುದಿತ್ತಲ್ಲ? ಅಲ್ಲೂ ಒಂದು ತೊಡಕಿದೆ. 2006ರ ಬಜೆಟ್ಟಿನಿಂದ ಹಿಡಿದು ನಮ್ಮ ಸರ್ಕಾರ ಸಣ್ಣ ಕಾರಿಗೆ ಕಡಿಮೆ ತೆರಿಗೆ ಹಾಕುತ್ತಾ ಬಂದಿದೆ. ಸಣ್ಣದು ಎನ್ನಿಸಿಕೊಳ್ಳಲು ಉದ್ದ ನಾಲ್ಕು ಮೀಟರಿನ ಒಳಗಿರಬೇಕು. ಪೆಟ್ರೋಲ್ ಎಂಜಿನ್ 1200 ಸಿ.ಸಿ. ದಾಟಬಾರದು. ಸ್ವಿಫ್ಟ್ ಸ್ಪೋರ್ಟ್ ಉದ್ದದಲ್ಲಿ ಪಾಸು, ಎಂಜಿನ್ನಿನಲ್ಲಿ ಫೇಲು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿಗೆ ಜಿ.ಎಸ್.ಟಿ. ಶೇಕಡಾ 18, ಅದಕ್ಕೆ ಮೀರಿದ್ದಕ್ಕೆ ಶೇಕಡಾ 40. ತೆರಿಗೆಗೆ ಮುಂಚೆ ಹತ್ತು ಲಕ್ಷದ ಕಾರು ಎನ್ನಿ. ಒಂದಕ್ಕೆ 1 ಲಕ್ಷ 80 ಸಾವಿರ ತೆರಿಗೆ, ಇನ್ನೊಂದಕ್ಕೆ 4 ಲಕ್ಷ. ಎರಡು ಲಕ್ಷ ಇಪ್ಪತ್ತು ಸಾವಿರದ ಅಂತರ! ಅದಕ್ಕೇ ನಮ್ಮಲ್ಲಿ ಚುರುಕಿನ ಕಾರು ಮಾಡುವವರು ಎಂಜಿನ್ನನ್ನು ಚಿಕ್ಕದಾಗಿಯೇ ಇಟ್ಟು ಟರ್ಬೊ ಕೂರಿಸುತ್ತಾರೆ. 2021ರ ಐ20 ಎನ್ ಲೈನ್, 2024ರ ಆಲ್ಟ್ರೋಜ್ ರೇಸರ್ ಬಂದದ್ದು ಹಾಗೆಯೇ. ಎರಡಕ್ಕೂ 120 ಅಶ್ವಶಕ್ತಿ.

ನಮ್ಮ ಮಾವನವರು ಒಂದು ಬಜಾಜ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದವರು. ಆಗ ಕೈಯಲ್ಲಿ ಹಣವಿತ್ತು, ಗಾಡಿ ಇರಲಿಲ್ಲ. ಮೊಮ್ಮಗನ ಕಾಲಕ್ಕೆ ಗಾಡಿ ಬಂತು, ಕೈಯಲ್ಲಿ ಅಷ್ಟು ಹಣವಿಲ್ಲ.

ಕಾಯಲಾರದೆ ಮಾಡಿದ ಕೆಲಸ

ಈಗ ನಮ್ಮ ಮನೆಯ ಕತೆ. 2023ರಲ್ಲಿ ಮಗ ತನ್ನ ಸಂಬಳದಲ್ಲಿ ಹಳೆಯದೊಂದು ಸಾಮಾನ್ಯ ಹ್ಯಾಚ್‌ಬ್ಯಾಕ್ ಕೊಂಡ. "ಬೇಕಾದ ಕಾರು ಬರದಿದ್ದರೇನು, ಇದನ್ನೇ ಹಾಗೆ ಮಾಡ್ತೀನಿ" ಎಂದು ಹೊರಟ. ನಾನು ಎಂದಿನಂತೆ "ಹೋಗೋ, ನಿನ್ನ ಹುಚ್ಚು" ಎಂದು ಅಡಿಗೆಮನೆಗೆ ಹೋದೆ. ಏನು ಮಾಡಿಸುತ್ತೀಯ, ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. ಅವನು ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಎಂಜಿನ್ನಿನ ಕಂಪ್ಯೂಟರ್ ಬದಲಾಯಿಸಿ ಜೋರು ಮಾಡಿಸಿದ. ಗುಡುಗುವ ಸೈಲೆನ್ಸರ್ ಹಾಕಿಸಿದ. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ತಗ್ಗಿಸಿದ. ಬ್ರೇಕು ಮಾತ್ರ ಹಳೆಯದೇ ಉಳಿಯಿತು.

ಜುಲೈ ತಿಂಗಳು. ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಘಾಟಿಯಲ್ಲಿ ಹಾಸನಕ್ಕೆ ವಾಪಸು ಬರುತ್ತಿದ್ದೆವು. ಜಿಟಿಜಿಟಿ ಮಳೆ, ಮಂಜು. ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಮಗ ಬ್ರೇಕು ಒತ್ತಿದ; ಗಾಡಿ ನಿಲ್ಲದೆ ಜಾರಿ ಎಡಗಡೆಯ ಚರಂಡಿಗೆ ಇಳಿಯಿತು. ಬಲಗಡೆ ಏನಿತ್ತು ಎಂದು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮವರ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಗಾಡಿಯ ಮುಖವೆಲ್ಲ ಜಜ್ಜಿತು.

ವಿಮೆಯವರು ಬಂದು ನೋಡಿದರು. ಬದಲಾಯಿಸಿದ ಸಾಮಾನುಗಳನ್ನು ಒಂದೊಂದಾಗಿ ಬರೆದುಕೊಂಡರು. "ತಿಳಿಸದೆ ಮಾಡಿಸಿದ್ದೀರಿ, ಹಣ ಬರೋದಿಲ್ಲ" ಎಂದರು. ರಿಪೇರಿಗೆ 74 ಸಾವಿರ. ಬಳೆ ಮಾಡಿಸಬೇಕೆಂದು ಎತ್ತಿಟ್ಟಿದ್ದ ನನ್ನ ಚೀಟಿ ಹಣ ಹಾಗೆ ಹೋಯಿತು. ಮಗ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಆಗಲೇ ನನಗೆ ಗೊತ್ತಾದದ್ದು: ಕಂಪನಿಯವರು ಸ್ಪೋರ್ಟಿ ಕಾರು ಮಾಡುವಾಗ ಎಂಜಿನ್ ಒಂದನ್ನೇ ಜೋರು ಮಾಡುವುದಿಲ್ಲ. 1976ರ ಆ ಮೊದಲ ಜಿಟಿಐಗೇ ಬಿಸಿ ಬೇಗ ಆರಿಹೋಗುವ ಬೇರೆ ಡಿಸ್ಕ್ ಬ್ರೇಕು ಹಾಕಿದ್ದರು. ಎಂಜಿನ್ ಮಾತ್ರ ಜೋರು ಮಾಡುವುದೆಂದರೆ ಹಳೇ ಕುಕ್ಕರಿನ ಗ್ಯಾಸ್ಕೆಟ್ಟು ಬದಲಿಸದೆ ಉರಿ ಮಾತ್ರ ಎಬ್ಬಿಸಿದ ಹಾಗೆ.

ಈ ಸಲ ಲೆಕ್ಕದ ಪುಸ್ತಕ

ಅದಕ್ಕೇ 2025ರ ಆ ರಾತ್ರಿ ನಾನು ಗೊಣಗಲಿಲ್ಲ. ಕೈ ತೊಳೆದು ಲೆಕ್ಕದ ಪುಸ್ತಕ ತಂದೆ. "ಬಾಪ್ಪಾ, ಕೂತ್ಕೋ. ನಿನ್ನ ಕಾರಿನ ಲೆಕ್ಕ ಬರೆಯೋಣ."

ಬೆಲೆ 53 ಲಕ್ಷ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇಕಡಾ 18. ಅಂದರೆ ತೆರಿಗೆಯೇ ಒಂಬತ್ತೂವರೆ ಲಕ್ಷ. ಮೇಲೆ ಸೆಸ್ಸು ಬೇರೆ. ಆ ತೆರಿಗೆಯ ದುಡ್ಡಿನಲ್ಲೇ ಒಂದು ಒಳ್ಳೆಯ ಸಂಸಾರದ ಕಾರು ಬರುತ್ತದೆ! 50 ಲಕ್ಷ ಸಾಲ ಮಾಡಿ, ಶೇಕಡಾ 9ರ ಬಡ್ಡಿಯಲ್ಲಿ ಏಳು ವರ್ಷ ಕಟ್ಟಿದರೆ ತಿಂಗಳ ಕಂತು 80 ಸಾವಿರದ ಮೇಲೆ. ಅವನ ಸಂಬಳ 62 ಸಾವಿರ.

ಮಗ ಪುಸ್ತಕ ನೋಡಿ ನಕ್ಕ. "ತಗೊಳ್ಳೋಕಲ್ಲಮ್ಮ. ಅಷ್ಟು ವರ್ಷ ಕಾದದ್ದು ಕೊನೆಗೂ ನಮ್ಮ ರಸ್ತೆಗೆ ಬಂತಲ್ಲ, ಅದೇ ಖುಷಿ" ಎಂದ.

ನನಗೆ ಒಂದು ಕ್ಷಣ ನಾಚಿಕೆಯಾಯಿತು. ಮೈಸೂರಿಗೆ ಹೋದಾಗಲೆಲ್ಲ ನಾವು ರೇಷ್ಮೆ ಸೀರೆ ಅಂಗಡಿಯ ಗಾಜಿನ ಮುಂದೆ ನಿಲ್ಲುವುದಿಲ್ಲವೇ? ನೋಡಿದ್ದೆಲ್ಲವನ್ನೂ ಕೊಳ್ಳುತ್ತೇವೆಯೇ? ಆಸೆಪಟ್ಟರೆ ಮನೆ ಮುಳುಗುವುದಿಲ್ಲ. ಆಸೆಯ ಮಾತನ್ನು ಕೇಳುವವರು ಮನೆಯಲ್ಲಿ ಇಲ್ಲವಾದಾಗ ಹುಡುಗರು ಗ್ಯಾರೇಜಿನವನ ಮಾತು ಕೇಳುತ್ತಾರೆ.

ನೀವೂ ನೆನಪಿಡಿ

* ಹುಡುಗ ಕಾರಿನ ವಿಷಯ ಎತ್ತಿದರೆ ಗದರಬೇಡಿ. ಬೆಲೆ, ತೆರಿಗೆ, ವಿಮೆ, ಕಂತು ಎಲ್ಲವನ್ನೂ ಅವನ ಕೈಯಲ್ಲೇ ಬರೆಸಿ.

* ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ಆರ್.ಸಿ. ಪುಸ್ತಕದಲ್ಲಿರುವ ಕಂಪನಿಯ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಏನೇ ಮಾಡಿಸುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸಿ.

* ಹಳೆಯ ಕಾರು ಕೊಳ್ಳುವಾಗ ಹಿಂದಿನವರು ಏನಾದರೂ ಬದಲಾಯಿಸಿದ್ದಾರೆಯೇ ಎಂದು ನಂಬಿಕೆಯ ಮೆಕ್ಯಾನಿಕ್ಕಿಗೆ ತೋರಿಸಿ.

* ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಬೇಡವೇ ಬೇಡ. 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿಯೂ ಹನ್ನೆರಡು ತಿಂಗಳು ರದ್ದು.

ಮಗನ ಕಾರಿಗೆ ಈಗ ಕಂಪನಿಯ ಸ್ಪ್ರಿಂಗು, ಕಂಪನಿಯ ಸೈಲೆನ್ಸರು ವಾಪಸು ಬಂದಿವೆ. ತಿಂಗಳಿಗೆ ಎಂಟು ಸಾವಿರ ಎತ್ತಿಡುತ್ತಿದ್ದಾನೆ. ಇಲ್ಲೇ ತಯಾರಾಗುವ, ನಮ್ಮ ಅಳತೆಯ, ಒಂದಿಷ್ಟು ಚುರುಕಿನ ಕಾರೊಂದಕ್ಕೆ. ಎತ್ತಿಟ್ಟದ್ದನ್ನು ಬರೆಯುವುದು ನನ್ನ ಲೆಕ್ಕದ ಪುಸ್ತಕದಲ್ಲೇ, ಹಾಲಿನ ಲೆಕ್ಕದ ಕೆಳಗೆ. ನನ್ನ ಬಳೆಯ ಬಾಕಿಯೂ ಅದೇ ಹಾಳೆಯಲ್ಲಿದೆ; ಮೊದಲು ಅದನ್ನು ತೀರಿಸುತ್ತಾನಂತೆ.

ಅಂದ ಹಾಗೆ, ಜಾತಕ ಕೊಟ್ಟ ಕಡೆಯಿಂದ ಇನ್ನೂ ಯಾರೂ ಬಂದಿಲ್ಲ. ಅದಕ್ಕೂ ಕಾಯುತ್ತಿದ್ದೇವೆ.