ಸೋರುವ ಕಿವಿಯೂ ವೇಷ ಬದಲಿಸುವ ಕ್ರಿಮಿಯೂ

ಮಕ್ಕಳಿರುವ ಮನೆಯಲ್ಲಿ ಕಿವಿನೋವನ್ನು ಕಾಣದವರು ವಿರಳ. ನೆಗಡಿಯಾದ ನಾಲ್ಕಾರು ದಿನಗಳಲ್ಲಿ ಕೂಸು ರಾತ್ರಿಯೆಲ್ಲ ಅಳುತ್ತದೆ. ಬೆಳಗಾಗುವಷ್ಟರಲ್ಲಿ ಕಿವಿ ಒಡೆದು ಕೀವು ಸೋರಿ ನೋವು ಶಮನವಾಗುತ್ತದೆ. ಹಲವರಲ್ಲಿ ರೋಗವು ಅಲ್ಲಿಗೇ ಮುಗಿಯುವುದುಂಟು. ಕೆಲವರಲ್ಲಿ ಮಾತ್ರ ಮರಳಿ ಮರಳಿ ಬಂದು ವರ್ಷಗಟ್ಟಲೆ ಸೋರುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರವು ಎಣಿಸಿರುವ 28 ಕರ್ಣರೋಗಗಳಲ್ಲಿ ಕರ್ಣಸ್ರಾವ, ಪೂತಿಕರ್ಣಗಳೂ ಸೇರಿರುವುದರಿಂದ ಈ ವ್ಯಾಧಿಯು ಹೊಸದಲ್ಲ. ಅದು ಬಿಡದೆ ಕಾಡುವುದೇಕೆಂಬ ವಿಷಯದಲ್ಲಿ ಮಾತ್ರ ಈಚಿನ ದಶಕಗಳಲ್ಲಿ ಹೊಸ ತಿಳಿವಳಿಕೆ ದೊರೆತಿದೆ.

ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆಯೊಂದಿದೆ, ಅದೇ ಮಧ್ಯಕರ್ಣ. ಮೂಗಿನ ಹಿಂಬದಿಯಿಂದ ಅದಕ್ಕೊಂದು ನಾಳವುಂಟು. ಮಕ್ಕಳಲ್ಲಿ ಈ ನಾಳವು ಗಿಡ್ಡವಾಗಿ ಅಡ್ಡಲಾಗಿರುವುದರಿಂದ ಕ್ರಿಮಿಗಳು ಸುಲಭವಾಗಿ ಒಳಸೇರುತ್ತವೆ. ಅವುಗಳಲ್ಲಿ ಹೀಮೋಫಿಲಸ್ ಇನ್‌ಫ್ಲುಯೆಂಜೇ, ನ್ಯೂಮೊಕಾಕಸ್ ಎಂಬೆರಡು ಮುಖ್ಯವಾದುವು.

ಮೊದಲನೆಯದರ ಆನುವಂಶಿಕ ಲಿಪಿಯನ್ನು ವಿಜ್ಞಾನಿಗಳು 1995ರಲ್ಲಿ ಆದ್ಯಂತವಾಗಿ ಓದಿದರು. ಅದರಲ್ಲಿ ಸುಮಾರು 18 ಲಕ್ಷ ಅಕ್ಷರಗಳಿವೆ. ಅಲ್ಲಲ್ಲಿ ನಾಲ್ಕು ಅಕ್ಷರಗಳ ಒಂದೇ ಗುಂಪು ಹತ್ತಾರು ಸಲ ಪುನರಾವೃತ್ತವಾಗಿದೆ. ಕ್ರಿಮಿಯು ಒಡೆದು ಎರಡಾಗುವಾಗ ಈ ಲಿಪಿಯ ಪ್ರತಿ ತೆಗೆಯಬೇಕಷ್ಟೆ. ಆಗ ಒಂದು ಗುಂಪು ಬಿಟ್ಟುಹೋಗುವುದು ಅಥವಾ ಹೆಚ್ಚಾಗುವುದು ಉಂಟು. ನಾವು ವೃತ್ತಕ್ಕೆ ಪ್ರಸ್ತಾರ ಹಾಕಿ ಮೂರು ಮೂರು ಅಕ್ಷರಗಳ ಗಣ ವಿಭಾಗಿಸುವಂತೆಯೇ ಜೀವಕೋಶವೂ ಲಿಪಿಯನ್ನು ಮೂರು ಮೂರಾಗಿ ಓದುತ್ತದೆ. ನಡುವೆ ನಾಲ್ಕಕ್ಷರ ಹೆಚ್ಚಾದರೆ ಮುಂದಿನ ಗಣಗಳೆಲ್ಲ ತಪ್ಪಿ ಆ ಜೀನು ಮೂಕವಾಗುತ್ತದೆ. ಮುಂದಿನ ಯಾವುದೋ ತಲೆಮಾರಿನಲ್ಲಿ ಆ ಗುಂಪು ಬಿಟ್ಟುಹೋದರೆ ಮತ್ತೆ ಮಾತನಾಡುತ್ತದೆ. ಹೊರಮೈಯನ್ನು ರೂಪಿಸುವ ಜೀನುಗಳಲ್ಲಿಯೇ ಹೀಗಾಗುವುದರಿಂದ ಒಂದೇ ಕಿವಿಯಲ್ಲಿ ನಾನಾ ವೇಷದ ಕ್ರಿಮಿಗಳು ಹುಟ್ಟುತ್ತವೆ. ದೇಹದ ರಕ್ಷಕ ಕಣಗಳು ಗುರುತಿಸಿದ ವೇಷವು ಅಳಿಯುತ್ತದೆ. ಗುರುತಿಗೆ ಸಿಕ್ಕದ್ದು ಉಳಿದು ವೃದ್ಧಿಯಾಗುತ್ತದೆ. ಇದು ಕ್ರಿಮಿಯ ಜಾಣತನವಲ್ಲ. ಲಿಪಿಕಾರನ ಸ್ಖಾಲಿತ್ಯವೇ ಅದಕ್ಕೆ ವರವಾಗಿದೆ.

ನ್ಯೂಮೊಕಾಕಸ್ಸಿನ ದಾರಿ ಬೇರೆ. ಅದು ಸತ್ತ ಬಂಧುಗಳ ಲಿಪಿಯ ತುಣುಕುಗಳನ್ನು ಹೀರಿ ತನ್ನದಾಗಿಸಿಕೊಳ್ಳುತ್ತದೆ. 1928ರಲ್ಲಿ ಗ್ರಿಫಿತ್ ಎಂಬ ಆಂಗ್ಲ ವಿಜ್ಞಾನಿಯು ಇಲಿಗಳ ಮೇಲಿನ ಪ್ರಯೋಗದಲ್ಲಿ ಈ ಪರಿವರ್ತನೆಯನ್ನು ಕಂಡನು. ಅದಕ್ಕೆ ಕಾರಣವಾದ ವಸ್ತುವು ಡಿ.ಎನ್.ಎ. ಎಂದು 1944ರಲ್ಲಿ ನ್ಯೂಯಾರ್ಕಿನ ಏವರಿ ಮತ್ತು ಸಂಗಡಿಗರು ತೋರಿಸಿದರು. ಔಷಧಿಗೆ ಬಗ್ಗದ ಗುಣವೂ ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗಬಲ್ಲದು.

ಕ್ರಿಮಿಗಳಿಗೆ ಇನ್ನೊಂದು ಆಶ್ರಯವೂ ಉಂಟು. ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರದಲ್ಲಿ ಅದನ್ನು ವಿವರಿಸುವುದು ಸುಲಭ. ರೇಷ್ಮೆಗೂಡನ್ನು ಕಾಣದವರು ಇಲ್ಲಿಲ್ಲ. ಹುಳುವು ತನ್ನ ಸುತ್ತ ಗೂಡು ಕಟ್ಟುವಂತೆ ಈ ಕ್ರಿಮಿಗಳು ಗುಂಪಾಗಿ ಲೋಳೆಯ ಹೊದಿಕೆ ಹೊದ್ದು ಮಧ್ಯಕರ್ಣದ ಒಳಪೊರೆಗೆ ಅಂಟಿಕೊಳ್ಳುತ್ತವೆ. 2006ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ದೀರ್ಘ ಕರ್ಣರೋಗದ ಮಕ್ಕಳಿಂದ ತೆಗೆದ 50 ಮಾದರಿಗಳ ಪೈಕಿ 46ರಲ್ಲಿ ಈ ಹೊದಿಕೆ ಕಂಡಿತು. ಗೂಡಿನೊಳಗಿನ ಕ್ರಿಮಿಗೆ ಔಷಧಿಯು ಸರಿಯಾಗಿ ನಾಟದು. ಆದಕಾರಣ ಒಣಗಿದ ಕಿವಿಯೆಲ್ಲ ವಾಸಿಯಾದ ಕಿವಿಯಲ್ಲ.

ಸೋರುವ ಕಿವಿಗೆ ಕಾಸಿದ ಎಣ್ಣೆ, ಬೆಳ್ಳುಳ್ಳಿಯ ರಸ ಮೊದಲಾದುವನ್ನು ಹಾಕಬಾರದು. ಸ್ನಾನದಲ್ಲಿ ನೀರು ಹೋಗಗೊಡಬಾರದು. ವೈದ್ಯರು ವಿಧಿಸಿದ ಔಷಧಿಯನ್ನು ನೋವು ಹೋಯಿತೆಂದು ನಡುವೆ ನಿಲ್ಲಿಸಬಾರದು. ಎರಡು ವಾರ ಮೀರಿದರೆ ಕಿವಿಯ ತಜ್ಞರಲ್ಲಿಗೆ ಹೋಗಬೇಕು. ತಮಟೆಯ ರಂಧ್ರವನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚುವುದುಂಟು. ನ್ಯೂಮೊಕಾಕಸ್ ಲಸಿಕೆಯು 2021ರಿಂದ ದೇಶಾದ್ಯಂತ ಸರ್ಕಾರಿ ಲಸಿಕೆಗಳ ಸಾಲಿಗೆ ಸೇರಿದೆ. ಕೂಸುಗಳಿಗೆ ತಪ್ಪದೆ ಹಾಕಿಸಬೇಕು.

ಉಪಾಧ್ಯಾಯವೃತ್ತಿಯಲ್ಲಿದ್ದ ನಾವು ಇನ್ನೊಂದು ಮಾತನ್ನು ಹೇಳಬೇಕು. ಕಿವಿ ಮಂದವಾದರೆ ಪಾಠ ಕೇಳದು. ಪಾಠ ಕೇಳದ ಮಗುವಿಗೆ ದಡ್ಡತನದ ಹೆಸರು ಬರುತ್ತದೆ. ಉಕ್ತಲೇಖನದಲ್ಲಿ ಮೇಲಿಂದ ಮೇಲೆ ತಪ್ಪುವ, ಹಿಂದಿನಿಂದ ಕರೆದರೆ ತಿರುಗದ ಮಗುವಿನ ಬುದ್ಧಿಯನ್ನು ಅಳೆಯುವ ಮುನ್ನ ಅದರ ಕಿವಿಯನ್ನು ಪರೀಕ್ಷೆ ಮಾಡಿಸಿರಿ.